ಜಯನಗರದಲ್ಲಿ ಇಟಲಿಯ ಪಂಕ್ತಿ

ಇಟಲಿ ದೇಶವನ್ನು ಒಮ್ಮೆಯಾದರೂ ನೋಡಬೇಕೆಂಬ ಆಸೆ ನನಗೆ ಬಾಲ್ಯದಿಂದಲೂ ಇತ್ತು. ಶಾಲೆಯ ಗೋಡೆಯ ಭೂಪಟದಲ್ಲಿ ಸಮುದ್ರಕ್ಕೆ ಕಾಲಿಳಿಬಿಟ್ಟ ಬೂಟಿನಂತೆ ಕಾಣುತ್ತಿದ್ದ ಆ ದೇಶಕ್ಕೆ ಹೋಗುವ ಯೋಗ ಇದುವರೆಗೆ ಕೂಡಿಬರಲಿಲ್ಲ. ಇನ್ನು ಕೂಡಿಬರುವ ಲಕ್ಷಣವೂ ಕಾಣುವುದಿಲ್ಲ. ಆದರೆ ದಕ್ಷಿಣ ಬೆಂಗಳೂರಿನಲ್ಲಿ ವಾಸಿಸುವ ನಮ್ಮಂಥವರಿಗೆ ಅದೊಂದು ದೊಡ್ಡ ಕೊರತೆಯಾಗಿ ಉಳಿದಿಲ್ಲ. ಪಾಸ್‌ಪೋರ್ಟು ಬೇಡ, ವಿಮಾನದ ಖರ್ಚು ಬೇಡ. ಸಂಜೆ ಏಳು ಗಂಟೆಗೆ ಚಪ್ಪಲಿ ಮೆಟ್ಟಿಕೊಂಡು ಮನೆಯಿಂದ ಹೊರಟರೆ ಏಳೂಕಾಲಕ್ಕೆ ಇಟಲಿಯನ್ನು ಮುಟ್ಟಬಹುದು.

ಇದನ್ನು ಓದುಗರು ಬರಿಯ ಹಾಸ್ಯವೆಂದು ತಿಳಿಯಬಾರದು. ಜಯನಗರದ ನಾಲ್ಕನೆಯ ಬ್ಲಾಕಿನ ೧೧ನೆಯ ಮುಖ್ಯರಸ್ತೆಯಿಂದ ಹಿಡಿದು ಜೆ.ಪಿ. ನಗರದ ೨೪ನೆಯ ಮುಖ್ಯರಸ್ತೆಯವರೆಗೆ, ಅತ್ತ ಬನಶಂಕರಿಯ ಎರಡನೆಯ ಹಂತ, ಇತ್ತ ಬಿ.ಟಿ.ಎಂ. ಬಡಾವಣೆ, ಎಲ್ಲಿ ಅಡ್ಡಾಡಿದರೂ ಪಿಜ್ಜಾ ಪಾಸ್ತಾಗಳ ಹಲಗೆಗಳು ಕಣ್ಣಿಗೆ ಬೀಳುತ್ತವೆ. ಒಂದೊಂದು ಬಡಾವಣೆಗೆ ಒಂದೊಂದು ಬಗೆ. ಬಿ.ಟಿ.ಎಂ.ನಲ್ಲಿ ನಾಲ್ಕು ಸ್ಟೂಲು, ಒಂದು ಕರೆಂಟಿನ ಒಲೆ, ಕೆಲಸದಿಂದ ಮರಳುವ ತರುಣರ ಗದ್ದಲ. ಬನಶಂಕರಿಯಲ್ಲಿ ಬಾಗಿಲ ಮೇಲೆಯೇ ‘ಶುದ್ಧ ಸಸ್ಯಾಹಾರ’ ಎಂಬ ಅಭಯಹಸ್ತ. ಜೆ.ಪಿ. ನಗರದಲ್ಲಿ ಸೌದೆಯ ಗೂಡೊಲೆ, ಗಾಜಿನ ಹಿಂದೆ ಹಿಟ್ಟು ತಟ್ಟುವ ಬಾಣಸಿಗ. ಜಯನಗರದಲ್ಲಾದರೋ ಹಳೆಯ ಮನೆಗಳೇ ಹೋಟೆಲುಗಳಾಗಿವೆ. ಕಾಂಪೌಂಡಿನ ಸಂಪಿಗೆಯ ಮರದ ಕೆಳಗೆ ಮೇಜು ಕುರ್ಚಿ, ಒಳಗೆ ಹಳೆಯ ಕೆಂಪು ಗಾರೆಯ ನೆಲ.

ಇಟಲಿಯವರು ಊಟದ ಮನೆಗಳಿಗೆ ಅಂತಸ್ತಿಗೆ ತಕ್ಕಂತೆ ಬೇರೆ ಬೇರೆ ಹೆಸರಿಟ್ಟಿದ್ದಾರೆ. ಠೀವಿಯಿಂದ ಕೂಡಿದ್ದು ‘ರಿಸ್ತೊರಾಂತೆ’. ಒಂದು ಕುಟುಂಬದವರೇ ನಡೆಸುವ, ನೆರೆಹೊರೆಯವರು ದಿನನಿತ್ಯ ಬಂದುಹೋಗುವ ಸಾದಾ ಊಟದ ಮನೆ ‘ತ್ರಾತ್ತೊರಿಯ’. ಮೊದಲಿಗೆ ದ್ರಾಕ್ಷಾರಸದ ಅಂಗಡಿಯಾಗಿದ್ದು, ಜತೆಗೆ ಒಂದಿಷ್ಟು ತಿನ್ನಲು ಕೊಡುತ್ತಿದ್ದದ್ದು ‘ಒಸ್ತೆರಿಯ’. ನಮ್ಮ ಬಡಾವಣೆಗಳಲ್ಲಿ ಇರುವುದೆಲ್ಲ ತ್ರಾತ್ತೊರಿಯದ ಜಾತಿಗೆ ಸೇರಿದವು. ಸೂಟುಬೂಟಿನ ಅಗತ್ಯವಿಲ್ಲ. ಪಂಚೆ ಉಟ್ಟು ಹೋದರೂ ಯಾರೂ ಹುಬ್ಬೇರಿಸುವುದಿಲ್ಲ. ನಾನು ಹೋಗಿ ನೋಡಿದ್ದೇನೆ.

ನಿಂತು ತಿಂದ ಊರು

ಜಯನಗರಕ್ಕೆ ೧೯೪೮ರಲ್ಲಿ ಅಸ್ತಿಭಾರ ಹಾಕಿದವರು ಆಗ ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರ್ಯರು. ಬೈರಸಂದ್ರದ ಸುತ್ತಣ ಹೊಲಗದ್ದೆಗಳಲ್ಲಿ ಎದ್ದ ಈ ಬಡಾವಣೆಯ ಜನ ಬಹುಕಾಲ ಮನೆಯಲ್ಲೇ ಉಂಡವರು. ‘ಹೋಟೆಲಿನಲ್ಲಿ ತಿಂದ’ ಎಂಬುದು ಸಣ್ಣ ಅಪವಾದವೇ ಆಗಿದ್ದ ದಿನಗಳು ಅವು. ತಿನ್ನಲೇಬೇಕಾದರೆ ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್ ಇತ್ತು, ೧೯೨೪ರಿಂದ ಇತ್ತು.

೧೯೮೩ರಲ್ಲಿ ಇದೇ ಜಯನಗರದಲ್ಲಿ ‘ಕೆಫೆ ದರ್ಶಿನಿ’ ಎಂಬ ಹೊಸ ಮಾದರಿಯ ಹೋಟೆಲು ತೆರೆಯಿತು. ಕುರ್ಚಿಯಿಲ್ಲ, ಮಾಣಿಯಿಲ್ಲ, ಚೀಟಿ ಕೊಳ್ಳುವುದು, ತಟ್ಟೆ ಹಿಡಿಯುವುದು, ನಿಂತು ತಿನ್ನುವುದು, ಕೈ ತೊಳೆದು ನಡೆಯುವುದು. ಬೆಲೆ ಕಡಿಮೆ, ಶುಚಿ ಹೆಚ್ಚು, ಕಾಲ ಉಳಿತಾಯ. ಕೆಲವೇ ವರ್ಷಗಳಲ್ಲಿ ದರ್ಶಿನಿ ಎಂಬುದು ಒಂದು ಹೋಟೆಲಿನ ಹೆಸರಾಗಿ ಉಳಿಯದೆ ಒಂದು ಜಾತಿಯ ಹೆಸರೇ ಆಯಿತು. ಹತ್ತು ನಿಮಿಷದಲ್ಲಿ ಇಡ್ಲಿ, ವಡೆ, ಕಾಫಿಗಳನ್ನು ಮುಗಿಸುವ ವಿದ್ಯೆಯನ್ನು ಬೆಂಗಳೂರಿಗೆ ಕಲಿಸಿಕೊಟ್ಟದ್ದು ನಮ್ಮ ಬಡಾವಣೆ.

ಅದಾಗಿ ಹದಿಮೂರು ವರ್ಷಗಳಿಗೆ, ಎಂದರೆ ೧೯೯೬ರಲ್ಲಿ, ಅಮೆರಿಕದ ಪಿಜ್ಜಾ ಹಟ್ ಸಂಸ್ಥೆ ಭಾರತದಲ್ಲಿನ ತನ್ನ ಮೊದಲ ಹೋಟೆಲನ್ನು ಬೆಂಗಳೂರಿನಲ್ಲೇ ತೆರೆಯಿತು. ಆಗ ಪಿಜ್ಜಾ ಎಂದರೆ ಅಮೆರಿಕದ ತಿಂಡಿ ಎಂದೇ ನಮ್ಮಲ್ಲಿ ಅನೇಕರು ತಿಳಿದಿದ್ದರು. ಅದರ ತವರುಮನೆ ಇಟಲಿಯ ನೇಪಲ್ಸ್ ನಗರವೆಂಬುದು ಗೊತ್ತಾಗಿ, ಪಾಸ್ತಾ, ರಿಸೊತ್ತೊ, ತಿರಾಮಿಸು ಮುಂತಾದ ನೆಂಟರಿಷ್ಟರ ಪರಿಚಯವಾಗಿ, ಅಡ್ಡರಸ್ತೆಗಳ ಒಳಗೇ ಪುಟ್ಟ ಹೋಟೆಲುಗಳು ಹುಟ್ಟಿಕೊಳ್ಳಲು ಮತ್ತೆ ಕೆಲವು ವರ್ಷಗಳು ಹಿಡಿದವು. ಈ ಹೊಸ ಹೋಟೆಲುಗಳ ನಡವಳಿಕೆ ದರ್ಶಿನಿಗೆ ತೀರ ವಿರುದ್ಧ. ಇಲ್ಲಿ ಕೂರಬೇಕು. ಕಾಯಬೇಕು. ಮಾತನಾಡಬೇಕು. ನಿಂತು ತಿನ್ನುವುದನ್ನು ಕಲಿತ ಊರು ಮತ್ತೆ ಕುಳಿತು ಉಣ್ಣುವುದನ್ನು ಅಭ್ಯಾಸ ಮಾಡುತ್ತಿದೆ.

ಈ ಸಂಗತಿ ನನ್ನ ಮನಸ್ಸಿಗೆ ನಾಟುವಂತೆ ಮಾಡಿದವರು ನಮ್ಮ ದೊಡ್ಡಮ್ಮ.

ದೊಡ್ಡಮ್ಮನ ಪ್ರಯಾಣ

ದೊಡ್ಡಮ್ಮನಿಗೆ ಎಂಬತ್ತು ದಾಟಿದೆ. ೧೯೬೫ರಲ್ಲಿ ಸೊಸೆಯಾಗಿ ಜಯನಗರದ ಮನೆಗೆ ಬಂದವರು ಅಂದಿನಿಂದ ಅದೇ ಮನೆಯಲ್ಲಿ ಇದ್ದಾರೆ. ನಲವತ್ತಕ್ಕೆ ಅರವತ್ತು ಅಡಿಯ ನಿವೇಶನ, ಮುಂದೆ ಜಗಲಿ, ನಡುವೆ ಹಜಾರ, ಹಿಂದೆ ಹಿತ್ತಲು. ದೊಡ್ಡಪ್ಪ ತೀರಿಕೊಂಡ ಮೇಲೆ ಒಬ್ಬರೇ. ಮಗ ಅಮೆರಿಕದಲ್ಲಿ. ಹಳೆಯ ಮನೆಯನ್ನು ಕೆಡವಿ ನಾಲ್ಕು ಅಂತಸ್ತು ಎಬ್ಬಿಸಿ, ಎರಡು ಫ್ಲಾಟುಗಳನ್ನು ಇವರಿಗೆ ಕೊಟ್ಟು ಉಳಿದವನ್ನು ತಾನು ಮಾರಿಕೊಳ್ಳುತ್ತೇನೆಂದು ಕಟ್ಟಡದ ಗುತ್ತಿಗೆದಾರನೊಬ್ಬ ಎರಡು ವರ್ಷದಿಂದ ಬೆನ್ನು ಹತ್ತಿದ್ದ. ಮಗ ಹದಿನೈದು ದಿನದ ರಜೆಯ ಮೇಲೆ ಬಂದದ್ದು ಅದಕ್ಕಾಗಿಯೇ. ಸೋಮವಾರ ಕಾಗದಪತ್ರಕ್ಕೆ ರುಜು ಆಗಬೇಕು. ದೊಡ್ಡಮ್ಮ ‘ಆಗಲಿ’ ಎಂದೂ ಹೇಳಿರಲಿಲ್ಲ, ‘ಬೇಡ’ ಎಂದೂ ಹೇಳಿರಲಿಲ್ಲ.

ಮನೆಯನ್ನು ಉಳಿಸಬೇಕೆಂಬ ಪಕ್ಷ ನನ್ನದು. ಆ ಮನೆಯ ಹಜಾರದಲ್ಲಿ ಹಬ್ಬಹರಿದಿನಗಳಲ್ಲಿ ಇಪ್ಪತ್ತು ಎಲೆ ಹಾಕುತ್ತಿದ್ದರು. ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕುಳಿತು ಉಂಡ ಆ ಪಂಕ್ತಿಭೋಜನಗಳ ನೆನಪು ನನ್ನ ಬಾಲ್ಯದ ಅರ್ಧ ಆಸ್ತಿ. ಅದನ್ನು ಕೆಡವಿ ಫ್ಲಾಟು ಮಾಡುವುದೆಂದರೆ! ಶನಿವಾರ ಸಂಜೆ ಎಲ್ಲರೂ ಕೂಡಿ ಹೊರಗೆ ಊಟಕ್ಕೆ ಹೋಗೋಣವೆಂದು ಮೊಮ್ಮಗ ಹೇಳಿದಾಗ, ದಾರಿಯಲ್ಲಾದರೂ ದೊಡ್ಡಮ್ಮನ ಕಿವಿಯಲ್ಲಿ ಒಂದು ಮಾತು ಹಾಕಬಹುದೆಂದು ನಾನೂ ಹೊರಟೆ. ಹುಡುಗ ಆರಿಸಿದ್ದು ಎರಡು ರಸ್ತೆ ಆಚೆಯ ಇಟಲಿಯ ಹೋಟೆಲು.

“ನನಗೇನೋ ಅಲ್ಲಿ ಸಿಗೋದು? ಮೊಸರನ್ನ ಉಂಡು ಬರ್ತೀನಿ, ನೀವು ತಿನ್ನಿ, ನಾನು ನೋಡ್ತೀನಿ” ಎಂದರು ದೊಡ್ಡಮ್ಮ. ಮೊಮ್ಮಗ ಬಿಡಲಿಲ್ಲ.

ಗೇಟು ದಾಟಿದೊಡನೆ ದೊಡ್ಡಮ್ಮ ನಿಂತರು. ಅದು ಹೋಟೆಲಾಗುವ ಮುನ್ನ ಯಾರದೋ ಮನೆ. ಒಳಗಿನ ಅಚ್ಚುಕಟ್ಟು ಅವರ ಮನೆಯದೇ. ಜಗಲಿಯಲ್ಲಿ ಎರಡು ಮೇಜು. ಹಜಾರದಲ್ಲಿ ಆರು ಮೇಜು. ದೇವರ ಮನೆಯಿದ್ದ ಮೂಲೆಯಲ್ಲಿ ಹಣ ಕಟ್ಟಿಸಿಕೊಳ್ಳುವ ಕಟ್ಟೆ. ಅದರ ಮೇಲೂ ಒಂದು ಪುಟ್ಟ ಗಣಪತಿ, ಪುಣ್ಯಕ್ಕೆ. ದೊಡ್ಡಮ್ಮ ಒಂದೊಂದನ್ನೂ ಬೆರಳಿಟ್ಟು ತೋರಿಸಿ, “ಇದು ಅಡಿಗೆಮನೆಗೆ ಹೋಗೋ ಬಾಗಿಲು, ಅದು ಬಚ್ಚಲ ಕಡೆ, ಅದು ಹಿತ್ತಲು” ಎಂದು ತಮ್ಮ ಮನೆಯನ್ನೇ ನಮಗೆ ತೋರಿಸುವವರ ಹಾಗೆ ಹೇಳುತ್ತ ಬಂದು ಕುಳಿತರು. ನನಗೆ ಮನಸ್ಸಿನಲ್ಲೇ ಸಂತೋಷವಾಯಿತು. ಈ ದೃಶ್ಯವೇ ಸಾಕು, ಸೋಮವಾರದ ರುಜು ನಿಂತಂತೆಯೇ ಎಂದುಕೊಂಡೆ.

ಮುಡಿಯುವುದೋ ತಿನ್ನುವುದೋ

ಪಟ್ಟಿಯನ್ನು ಮೊಮ್ಮಗ ಓದಿ ಹೇಳಿದ. ಒಂದೊಂದು ಪಿಜ್ಜಾಕ್ಕೆ ನಾನೂರರಿಂದ ಆರುನೂರು ರೂಪಾಯಿ. ಬೆಲೆಯನ್ನು ದೊಡ್ಡಮ್ಮನಿಗೆ ಹೇಳಬಾರದೆಂದು ಮೊದಲೇ ಒಪ್ಪಂದವಾಗಿತ್ತು. ಮೊದಲು ಬಂದದ್ದು ಬ್ರುಸ್ಕೆತ್ತ: ಕೆಂಡದ ಮೇಲೆ ಸುಟ್ಟ ಬ್ರೆಡ್ಡಿನ ಮೇಲೆ ಹೆಚ್ಚಿದ ಟೊಮೆಟೊ, ಎಣ್ಣೆ, ಎರಡು ಹಸಿರು ಎಲೆ. ದೊಡ್ಡಮ್ಮ ಎಲೆಯನ್ನು ಎತ್ತಿ ಮೂಸಿ ನೋಡಿದರು.

“ಇದು ಕಾಮಕಸ್ತೂರಿ ಕಣೋ! ಹಿತ್ತಲಲ್ಲಿ ಒಂದು ಪೊದೆ ಇದೆ. ಇದನ್ನ ಮುಡಿಯೋದು, ದೇವರಿಗೆ ಏರಿಸೋದು. ಇವರು ತಿಂತಾರೇನು?”

ದೊಡ್ಡಮ್ಮನ ಮಾತು ಅಕ್ಷರಶಃ ನಿಜ. ಇಟಲಿಯವರು ‘ಬಸಿಲಿಕೊ’ ಎಂದು ಕರೆದು ಕೊಂಡಾಡುವ ಗಿಡವೂ ಗಾಂಧಿ ಬಜಾರಿನ ಹೂವಾಡಗಿತ್ತಿಯರು ಮಲ್ಲಿಗೆಯ ನಡುವೆ ಕಟ್ಟುವ ಕಾಮಕಸ್ತೂರಿಯೂ ಒಂದೇ ಕುಲ. ತುಲಸಿ ಅದರ ಅಕ್ಕನೋ ತಂಗಿಯೋ ಆಗಬೇಕು. ಹಾಗೆಯೇ ಹೂವಿನ ದಂಡೆಯಲ್ಲಿ ಸೇರುವ ನಮ್ಮ ಮರುಗಕ್ಕೂ, ಪಿಜ್ಜಾದ ಮೇಲೆ ಉದುರಿಸುವ ಒರಿಗಾನೊ ಎಂಬ ಒಣ ಎಲೆಗೂ ಹತ್ತಿರದ ಬಾಂಧವ್ಯ. ಆ ಒರಿಗಾನೊದ ಪೊಟ್ಟಣವನ್ನು ದೊಡ್ಡಮ್ಮ ಮೂಸಿ, “ದೊಡ್ಡಪತ್ರೆ ವಾಸನೆ” ಎಂದರು. ಅದೂ ಸರಿಯೇ. ಎರಡು ಗಿಡಗಳೂ ಬೇರೆ ಬೇರೆ. ಆದರೆ ಎರಡರಲ್ಲಿಯೂ ಘಾಟು ಕೊಡುವ ಎಣ್ಣೆಯ ಸಾರ ಬಹುಮಟ್ಟಿಗೆ ಒಂದೇ. ದೊಡ್ಡಪತ್ರೆಯ ತಂಬುಳಿ ಉಂಡು ಬೆಳೆದ ನಾಲಗೆಗೆ ಇಟಲಿಯ ಪರಿಮಳ ಪರಕೀಯವಾಗಿ ತೋರದಿದ್ದರೆ ಆಶ್ಚರ್ಯವಿಲ್ಲ.

ಟೊಮೆಟೊವಾದರೋ ಅವರದೂ ಅಲ್ಲ, ನಮ್ಮದೂ ಅಲ್ಲ. ಅಮೆರಿಕ ಖಂಡದಿಂದ ೧೬ನೆಯ ಶತಮಾನದಲ್ಲಿ ಯುರೋಪಿಗೆ ಬಂದ ಹಣ್ಣು ಅದು. ಅಲ್ಲಿಯವರು ಬಹುಕಾಲ ಅದನ್ನು ಸಂಶಯದಿಂದಲೇ ಕಂಡರು. ನಮ್ಮ ಹಲವು ಮನೆಗಳ ಶ್ರಾದ್ಧದ ಅಡಿಗೆಗೆ ಅದು ಇಂದಿಗೂ ನಿಷಿದ್ಧ. ಈಗ ನೋಡಿದರೆ ಅವರ ಗೊಜ್ಜಿಗೂ ನಮ್ಮ ಸಾರಿಗೂ ಅದೇ ಪ್ರಾಣ. ಕೋಲಾರದ ಟೊಮೆಟೊ ಮಂಡಿ ಏಷ್ಯದಲ್ಲೇ ದೊಡ್ಡ ಮಂಡಿಗಳಲ್ಲಿ ಒಂದು.

“ಮೊಟ್ಟೆ ಇಲ್ಲ ತಾನೆ?” ಎಂಬುದು ದೊಡ್ಡಮ್ಮನ ಮುಂದಿನ ಪ್ರಶ್ನೆ. ಸಸ್ಯಾಹಾರಿಗಳಿಗೆ ಉಪಯೋಗವಾಗಲೆಂದು ಇಲ್ಲಿ ಎರಡು ಮಾತು ಬರೆಯುತ್ತೇನೆ. ಅಂಗಡಿಯಲ್ಲಿ ದೊರೆಯುವ ಒಣ ಪಾಸ್ತಾ ಸಾಮಾನ್ಯವಾಗಿ ಗೋಧಿಯ ರವೆ ಮತ್ತು ನೀರು, ಅಷ್ಟೇ. ಆಗಿಂದಾಗ ಕಲಸಿ ಮಾಡುವ ಪಾಸ್ತಾಕ್ಕೆ ಮೊಟ್ಟೆ ಹಾಕುವುದುಂಟು. ತಿರಾಮಿಸು ಎಂಬ ಸಿಹಿಯಲ್ಲಿ ಸಂಪ್ರದಾಯದಂತೆ ಮೊಟ್ಟೆ ಇರುತ್ತದೆ, ಕೆಲವೊಮ್ಮೆ ಮದ್ಯವೂ ಇರುತ್ತದೆ. ಇನ್ನು ಚೀಸ್. ಇಟಲಿಯ ನಿಜವಾದ ಪಾರ್ಮೆಸಾನ್ ಚೀಸನ್ನು ಹೆಪ್ಪುಗಟ್ಟಿಸುವುದು ಕರುವಿನ ಜಠರದಿಂದ ತೆಗೆದ ದ್ರವ್ಯದಿಂದ. ಆದುದರಿಂದ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಕೇಳಿದರೆ ಈ ಸಣ್ಣ ಹೋಟೆಲುಗಳವರು ಬೇಸರಪಡುವುದಿಲ್ಲ. ಮೊತ್ಸರೆಲ್ಲ ಎಂಬ ಬಿಳಿಯ ಮೃದು ಚೀಸು ಮಾತ್ರ ದೊಡ್ಡಮ್ಮನ ಮೆಚ್ಚುಗೆ ಪಡೆಯಿತು. ನೇಪಲ್ಸ್ ಕಡೆ ಅದರಲ್ಲಿ ಶ್ರೇಷ್ಠವಾದುದನ್ನು ಎಮ್ಮೆಯ ಹಾಲಿನಿಂದ ಮಾಡುತ್ತಾರೆಂದು ಹೇಳಿದಾಗ, “ಎಮ್ಮೆ ಹಾಲಿಗೆ ಎದುರುಂಟೇನು?” ಎಂದರು. ಬೆಂಗಳೂರಿನಲ್ಲಿಯೂ ಅಂಥ ಚೀಸು ತಯಾರಾಗುತ್ತದೆ. ಫ್ಲಾರೆನ್ಸ್ ಬಳಿಯ ವಲ್ಲೊಂಬ್ರೋಸದಲ್ಲಿ ಹುಟ್ಟಿದ ಕ್ರೈಸ್ತ ಸಂನ್ಯಾಸಿಗಳ ಪಂಥಕ್ಕೆ ಸೇರಿದ ಮಠವೊಂದು ನಮ್ಮ ನಗರದಲ್ಲಿದೆ. ಅಲ್ಲಿಯವರು ಇಟಲಿಯಲ್ಲಿ ಕಲಿತುಬಂದ ವಿದ್ಯೆಯಿಂದ ಚೀಸು ಮಾಡಿ ಹೋಟೆಲುಗಳಿಗೆ ಒದಗಿಸುತ್ತ ಬಂದಿದ್ದಾರೆ.

ಶಾವಿಗೆಯ ನೆಂಟಸ್ತಿಕೆ

ಮುಂದೆ ಬಂದದ್ದು ಸ್ಪಗೆತ್ತಿ. ಮುಳ್ಳುಚಮಚಕ್ಕೆ ಅದನ್ನು ಸುತ್ತಿ ಬಾಯಿಗಿಡುವ ಕಲೆ ನನಗೇ ಪೂರ್ತಿಯಾಗಿ ಬಂದಿಲ್ಲ. ದೊಡ್ಡಮ್ಮ ಒಂದು ಎಳೆಯನ್ನು ಎತ್ತಿ ಬೆಳಕಿಗೆ ಹಿಡಿದು, “ದಪ್ಪ ಶಾವಿಗೆ. ಬೆಂದಿಲ್ಲ” ಎಂದು ತೀರ್ಪು ಕೊಟ್ಟರು. ಇಟಲಿಯವರು ಬೇಕೆಂದೇ ಹಲ್ಲಿಗೆ ಸಿಗುವಷ್ಟು ಗಟ್ಟಿಯಾಗಿ ಬೇಯಿಸುತ್ತಾರೆಂದೂ ಅದಕ್ಕೆ ‘ಅಲ್ ದೆಂತೆ’ ಎಂಬ ಹೆಸರುಂಟೆಂದೂ ನಾನು ವಿವರಿಸಿದೆ. “ಹಲ್ಲಿರೋವ್ರಿಗೆ ಸರಿ” ಎಂದರು.

ಆದರೆ ಶಾವಿಗೆ ಎಂದದ್ದು ತಪ್ಪಲ್ಲ. ನೇಪಲ್ಸಿನ ಸಮೀಪದ ಗ್ರಾನ್ಯಾನೊ ಎಂಬ ಊರಿನಲ್ಲಿ ಹಿಂದೆ ಪಾಸ್ತಾದ ಎಳೆಗಳನ್ನು ಬೀದಿಯುದ್ದಕ್ಕೂ ಗಳಗಳ ಮೇಲೆ ನೇತುಹಾಕಿ ಒಣಗಿಸುತ್ತಿದ್ದರು. ಧಾರವಾಡ, ಬೆಳಗಾವಿ, ವಿಜಯಪುರಗಳ ಕಡೆ ಬೇಸಗೆಯಲ್ಲಿ ಮಾಳಿಗೆಯ ಮೇಲೆ ಕೋಲುಗಳಿಗೆ ಶಾವಿಗೆ ಇಳಿಬಿಟ್ಟು ಒಣಗಿಸುವುದನ್ನು ಕಂಡವರಿಗೆ ಆ ಚಿತ್ರ ಹೊಸದಾಗಿ ತೋರದು. ಪಾಸ್ತಾಕ್ಕೆ ಬೇಕಾದದ್ದು ಡ್ಯೂರಮ್ ಎಂಬ ಗಟ್ಟಿ ಕಾಳಿನ ಗೋಧಿ. ಅದು ಉತ್ತರ ಕರ್ನಾಟಕದಲ್ಲಿಯೂ ಬೆಳೆಯುತ್ತದೆ. ಅದಕ್ಕಿಂತ ಪ್ರಾಚೀನವಾದುದು ಜವೆ ಗೋಧಿ. ಸದಕ, ಖಪ್ಲಿ ಎಂಬ ಹೆಸರುಗಳೂ ಅದಕ್ಕುಂಟು. ಹುಗ್ಗಿಗೂ ಶಾವಿಗೆಗೂ ಹೇಳಿ ಮಾಡಿಸಿದಂಥದು. ಇಟಲಿಯ ರೈತರು ‘ಫಾರ್ರೊ’ ಎಂದು ಕರೆದು ಉಳಿಸಿಕೊಂಡಿರುವುದು ಇದನ್ನೇ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಇದರಲ್ಲಿ ‘ಡಿಡಿಕೆ ೧೦೨೯’ ಮೊದಲಾದ ಸುಧಾರಿತ ತಳಿಗಳನ್ನು ತಂದಿದ್ದಾರೆ.

ಇಟಲಿಗೂ ಕನ್ನಡನಾಡಿಗೂ ಇರುವ ಪರಿಚಯ ನಿನ್ನೆ ಮೊನ್ನೆಯದಲ್ಲ. ೧೬೨೩ರಲ್ಲಿ ಪಿಯೆತ್ರೊ ದೆಲ್ಲ ವಾಲೆ ಎಂಬ ರೋಮ್ ನಗರದ ಯಾತ್ರಿಕ ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯ ಜತೆಗೂಡಿ ಇಕ್ಕೇರಿಗೆ ಬಂದಿದ್ದ. ದಾರಿಯಲ್ಲಿ ಕಂಡದ್ದನ್ನು, ಹುಡುಗರು ನೆಲದ ಮರಳಿನ ಮೇಲೆ ಬೆರಳಿನಿಂದ ಬರೆದು ಲೆಕ್ಕ ಕಲಿಯುತ್ತಿದ್ದುದನ್ನು ಸಹ, ನೇಪಲ್ಸಿನ ಗೆಳೆಯನಿಗೆ ಕಾಗದ ಬರೆದ. ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕದ ರಣರಂಗದಲ್ಲಿ ಸೆರೆಸಿಕ್ಕ ಇಟಲಿಯ ಸಾವಿರಾರು ಸೈನಿಕರನ್ನು ಬೆಂಗಳೂರಿನ ಸುತ್ತಣ ಶಿಬಿರಗಳಲ್ಲಿ ಇಟ್ಟಿದ್ದರು. ಅದೇ ಯುದ್ಧದ ವರ್ಷಗಳಲ್ಲಿ ಅಕ್ಕಿಗೆ ಬರಗಾಲ ಬಂದು, ಮಾವಳ್ಳಿ ಟಿಫಿನ್ ರೂಮಿನವರು ರವೆಯಲ್ಲಿ ಇಡ್ಲಿ ಮಾಡಿದರೆಂದೂ ರವೆ ಇಡ್ಲಿಯ ಜನ್ಮವೃತ್ತಾಂತ ಇದೇ ಎಂದೂ ಹೇಳಿಕೊಂಡು ಬಂದಿದ್ದಾರೆ. ಗೋಧಿಯ ರವೆಯನ್ನೇ ಉಂಡು ಬೆಳೆದ ದೇಶದ ಮಕ್ಕಳು ತಂತಿಬೇಲಿಯ ಆಚೆ, ರವೆಯಿಂದ ಹೊಸ ತಿಂಡಿ ಹುಡುಕಿದ ಬೆಂಗಳೂರು ಈಚೆ. ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂರಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು.

ಕೊಡುಕೊಳೆಯಲ್ಲಿ ನಾವೇನೂ ಸಾಲಗಾರರಲ್ಲ. ಭಾರತದ ಕಾಫಿಯಲ್ಲಿ ಶೇಕಡ ೭೦ರಷ್ಟು ಬೆಳೆಯುವುದು ಕರ್ನಾಟಕದಲ್ಲಿ. ಭಾರತದ ಕಾಫಿಯನ್ನು ಎಲ್ಲರಿಗಿಂತ ಹೆಚ್ಚಾಗಿ ಕೊಳ್ಳುವ ದೇಶ ಇಟಲಿ. ರೋಮಿನ ಬೀದಿಯಲ್ಲಿ ನಿಂತು ಪುಟ್ಟ ಬಟ್ಟಲಿನ ಕಾಫಿಯನ್ನು ಒಂದೇ ಗುಟುಕಿಗೆ ಹೀರುವವನ ಗಂಟಲಲ್ಲಿ ಕೊಡಗು ಚಿಕ್ಕಮಗಳೂರುಗಳ ಬೀಜ ಇಳಿಯುತ್ತಿರಬಹುದು.

ಹನ್ನೊಂದು ಗಂಟೆಯ ಊಟ

ನಮಗೆ ಬಡಿಸುತ್ತಿದ್ದವನು ಅಸ್ಸಾಮಿನ ಹುಡುಗ. ಹಿಂದೆ ಬೆಂಗಳೂರಿನ ಹೋಟೆಲುಗಳ ಮಾಣಿಗಳು ಉಡುಪಿ ಕುಂದಾಪುರಗಳ ಕಡೆಯವರಾಗಿದ್ದರು. ಇಂದು ಬ್ರಹ್ಮಪುತ್ರೆಯ ದಡದಿಂದ ಬರುತ್ತಾರೆ. ಮೂರು ವರ್ಷದಲ್ಲಿ ಕೆಲಸಕ್ಕೆ ಬೇಕಾದಷ್ಟು ಕನ್ನಡವನ್ನು ಅವನು ಕಲಿತಿದ್ದ.

“ಅಜ್ಜಿ, ಖಾರ ಬೇಕಾ?” ಎಂದು ಮೆಣಸಿನ ಪುಡಿಯ ಡಬ್ಬಿ ತಂದ.

“ಬೇಡಪ್ಪ. ನಿನ್ನ ಊಟ ಆಯಿತೇನು?”

“ನಮ್ದು ಹನ್ನೊಂದು ಗಂಟೆಗೆ ಅಜ್ಜಿ. ಎಲ್ಲಾ ಹೋದ್ಮೇಲೆ. ಅನ್ನ, ದಾಲ್.”

“ಇದನ್ನ ತಿನ್ನೋದಿಲ್ವೆ ನೀವು?”

ಹುಡುಗ ನಕ್ಕು ತಲೆಯಲ್ಲಾಡಿಸಿ ಹೊರಟುಹೋದ. ದೊಡ್ಡಮ್ಮ ಬಹಳ ಹೊತ್ತು ಅವನು ಹೋದ ಅಡಿಗೆಮನೆಯ ಬಾಗಿಲನ್ನೇ ನೋಡುತ್ತ ಕುಳಿತರು.

ನಾನು ಕಾದಿದ್ದ ಸಮಯ ಇದೇ ಎನಿಸಿತು. “ದೊಡ್ಡಮ್ಮ, ನಿಮ್ಮ ಹಜಾರದಲ್ಲಿ ಇಪ್ಪತ್ತು ಎಲೆ ಹಾಕುತ್ತಿದ್ದದ್ದು ಜ್ಞಾಪಕವಿದೆಯೆ? ಎಂಥ ಪಂಕ್ತಿ ಅದು! ಇಂಥ ಹೋಟೆಲಿಗೆ ಬಂದು ದುಡ್ಡು ಕೊಟ್ಟು ಕೂರುವ ಬದಲು, ಆ ಹಜಾರವನ್ನು ಉಳಿಸಿಕೊಂಡರೆ...” ಎಂದು ಶುರು ಮಾಡಿದೆ.

“ಜ್ಞಾಪಕ ಇಲ್ದೆ ಏನು?” ಎಂದರು ದೊಡ್ಡಮ್ಮ. “ಆ ಪಂಕ್ತೀಲಿ ನಾನು ಎಲ್ಲಿ ಕೂತಿದ್ದೆ, ನೀನು ಹೇಳು ನೋಡೋಣ.”

ನಾನು ಯೋಚಿಸಿದೆ. ಗೋಡೆಯ ಉದ್ದಕ್ಕೂ ಕುಳಿತವರೆಲ್ಲರ ಮುಖವೂ ಕಣ್ಣ ಮುಂದೆ ಬಂತು. ತಾತ, ದೊಡ್ಡಪ್ಪ, ನಮ್ಮ ತಂದೆ, ಭಾವಂದಿರು, ಪುರೋಹಿತರು, ಕೊನೆಯಲ್ಲಿ ನಾವು ಹುಡುಗರು. ದೊಡ್ಡಮ್ಮನ ಎಲೆ ಎಲ್ಲಿತ್ತೆಂದು ಎಷ್ಟು ಹುಡುಕಿದರೂ ನೆನಪಿಗೆ ಬರಲಿಲ್ಲ.

“ಬಂದಿದ್ರೆ ತಾನೆ ಜ್ಞಾಪಕ ಇರೋದು. ಆ ಮನೆಗೆ ಬಂದು ಅರವತ್ತು ವರ್ಷ ಆಯ್ತು. ಬಡಿಸಿದ್ದೀನಿ. ಎಲೆ ತೆಗೆದಿದ್ದೀನಿ. ಗೋಮಯ ಹಚ್ಚಿದ್ದೀನಿ. ಎಲ್ಲರದೂ ಆದ ಮೇಲೆ ಅಡಿಗೆಮನೇಲಿ, ಮಿಕ್ಕಿದ್ರೆ ಸಾರು, ಇಲ್ದಿದ್ರೆ ಮಜ್ಜಿಗೆ. ಈ ಹುಡುಗನ ಹಾಗೇ. ಎಲ್ಲರ ಜತೆ ಕೂತು, ಬಿಸಿಯಾಗಿದ್ದಾಗಲೇ, ಮೊದಲಿಂದ ಕೊನೇ ತನಕ ಉಂಡದ್ದು ಅಂದ್ರೆ ಇವತ್ತೇ ಕಣೋ.”

ದನಿಯಲ್ಲಿ ದೂರು ಇರಲಿಲ್ಲ. ಮೊಸರಿಗೆ ಹೆಪ್ಪು ಹಾಕಿದ್ದನ್ನು ಹೇಳುವಷ್ಟೇ 
ಸಹಜವಾಗಿ ಹೇಳಿದರು. ಮಗ ತಲೆ ತಗ್ಗಿಸಿದ. ನನ್ನ ಕೈಯ ಮುಳ್ಳುಚಮಚ ತಟ್ಟೆಯ ಮೇಲೆಯೇ ಉಳಿಯಿತು. ಆ ಹಜಾರದ ವೈಭವದ ಬಗ್ಗೆ ಎಷ್ಟು ಸಲ ಎಷ್ಟು ಜನರಿಗೆ ಹೇಳಿದ್ದೆನೋ! ಉಳಿಸಬೇಕೆಂದು ಹೊರಟಿದ್ದ ನಾನು ಉಳಿಸಲು ಹೊರಟಿದ್ದದ್ದು ನನ್ನ ಎಲೆಯನ್ನು ಮಾತ್ರ.

೨೦೨೫ರ ಡಿಸೆಂಬರ್ ತಿಂಗಳಲ್ಲಿ ದೆಹಲಿಯಲ್ಲಿ ಸೇರಿದ್ದ ಯುನೆಸ್ಕೋ ಸಂಸ್ಥೆಯ ಸಮಿತಿ ಇಟಲಿಯ ಅಡಿಗೆಯ ಸಂಪ್ರದಾಯವನ್ನು ಮಾನವಕುಲದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ಸಭೆಯಲ್ಲಿ ನಮ್ಮ ದೀಪಾವಳಿಯೂ ಆ ಪಟ್ಟಿಗೆ ಸೇರಿತು. ಒಟ್ಟಿಗೆ ಕೂಡಿ ಅಡಿಗೆ ಮಾಡುವುದು, ಒಟ್ಟಿಗೆ ಕುಳಿತು ಹಂಚಿಕೊಂಡು ಉಣ್ಣುವುದು, ಇವೇ ಆ ಸಂಪ್ರದಾಯದ ಜೀವಾಳವೆಂದು ಇಟಲಿಯವರು ಹೇಳಿಕೊಂಡರು. ಅಲ್ಲಿಯ ಅಜ್ಜಿಯರೂ ಎಷ್ಟು ಕಾಲ ಅಡಿಗೆಮನೆಯಲ್ಲೇ ನಿಂತು ಉಂಡರೋ, ಪಟ್ಟಿಯಲ್ಲಿ ಅದು ಬರೆದಿರಲಾರದು. ಜಯನಗರದ ಈ ಪುಟ್ಟ ಹೋಟೆಲುಗಳಲ್ಲಿ ನಾನು ಆಮೇಲೆ ಗಮನಿಸಿ ನೋಡಿದ್ದೇನೆ. ಮೇಜುಮೇಜಿಗೂ ಅಜ್ಜಿಯರಿದ್ದಾರೆ, ಅತ್ತೆಯರಿದ್ದಾರೆ, ಸೊಸೆಯರಿದ್ದಾರೆ, ಯಾರೂ ಏಳುವುದಿಲ್ಲ. ನಡುವೆ ಒಂದು ಪಿಜ್ಜಾ, ಎಲ್ಲರ ಕೈಯೂ ಅದರ ಕಡೆಗೆ. ತಿಂಡಿ ಇಟಲಿಯದೇ ಆಗಬೇಕಿರಲಿಲ್ಲ, ನಿಜ. ಆದರೆ ನಮ್ಮದೇ ಊಟದ ಹೋಟೆಲಿನಲ್ಲಿ ಕುಳಿತರೆ, “ಹುಳಿಗೆ ಉಪ್ಪು ಕಡಿಮೆ, ನಮ್ಮ ಮನೆಯಲ್ಲಿ ಮಾಡೋ ಹಾಗಿಲ್ಲ” ಎಂದು ಅಳೆಯುವ ಕರ್ತವ್ಯ ಹೆಂಗಸರ ಮೇಲೆಯೇ ಬೀಳುತ್ತದೆ. ಗೊತ್ತಿಲ್ಲದ ಅಡಿಗೆಯ ಮುಂದೆ ಆ ಕರ್ತವ್ಯಕ್ಕೂ ರಜೆ.

ಗೇಟಿನ ಎಡಗಡೆ

ನಾವು ಎದ್ದಾಗ ಎರಡು ಗಂಟೆ ಕಳೆದಿತ್ತು. ಹಣ ಕೊಟ್ಟು ಹೊರಡುವ ಮುನ್ನ ದೊಡ್ಡಮ್ಮ ಅಡಿಗೆಮನೆಯನ್ನು ನೋಡಬೇಕೆಂದರು. ಯಜಮಾನರು ಸಂತೋಷದಿಂದಲೇ ಕರೆದೊಯ್ದರು. ಹಿಟ್ಟಿನ ಮೂಟೆ, ದೊಡ್ಡ ಒಲೆ, ನಾಲ್ಕು ಜನ ಹುಡುಗರು. ದೊಡ್ಡಮ್ಮ ಒಬ್ಬೊಬ್ಬರನ್ನೂ ಊರು ಕೇಳಿದರು. “ಕೂತ್ಕೊಂಡು ಉಣ್ಣಿ, ನಿಂತ್ಕೊಂಡು ಉಣ್ಣಬೇಡಿ” ಎಂದು ಹೇಳಿ ಹೊರಬಂದರು.

ಸೋಮವಾರ ಅವರು ರುಜು ಮಾಡಿದರು. ನಾನು ಎದುರು ಮಾತಾಡಲಿಲ್ಲ. “ಮನೆ ಹೋಗಲಿ ಬಿಡೋ. ಫ್ಲಾಟಿನ ಅಡಿಗೆಮನೆ ಹಜಾರಕ್ಕೆ ಅಂಟಿಕೊಂಡೇ ಇರುತ್ತಂತೆ, ಒಳಗೆ ಯಾರು, ಹೊರಗೆ ಯಾರು ಅಂತ ಇರೋದಿಲ್ಲ” ಎಂದರು. ಆಮೇಲೆ, ಸ್ವಲ್ಪ ತಡೆದು, “ಹಿತ್ತಲಿನ ಕಾಮಕಸ್ತೂರಿ ಮಾತ್ರ ಸಾಯಬಾರದು” ಎಂದರು.

ಮನೆಯನ್ನು ಕೆಡವಿದ ದಿನ ನಾನು ಆ ರಸ್ತೆಗೆ ಹೋಗಲಿಲ್ಲ, ಹೋಗಲು ಮನಸ್ಸಾಗಲಿಲ್ಲ. ಹಜಾರದ ಮೇಲೆ ನನಗಿದ್ದ ಮೋಹ ದೊಡ್ಡಮ್ಮನ ಒಂದು ಮಾತಿನಿಂದ ಪೂರ್ತಿ ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಈಗ ದೊಡ್ಡಮ್ಮ ಕಟ್ಟಡ ಮುಗಿಯುವವರೆಗೆ ಬಾಡಿಗೆಯ ಮನೆಯಲ್ಲಿದ್ದಾರೆ. ತಿಂಗಳಿಗೊಮ್ಮೆ, ಶನಿವಾರ, ನಾನೂ ನನ್ನ ಹೆಂಡತಿಯೂ ಅವರನ್ನು ಕರೆದುಕೊಂಡು ಆ ಹೋಟೆಲಿಗೆ ಹೋಗುತ್ತೇವೆ. ಅವರಿಗೆ ಒಂದು ಸಾದಾ ಪಾಸ್ತಾ, ಚೆನ್ನಾಗಿ ಬೆಂದದ್ದು. ಕೇಳದೆಯೇ ಅದು ಬರುತ್ತದೆ. ಹೋಟೆಲು ಯಾವುದೆಂದು ನಾನು ಹೇಳುವುದಿಲ್ಲ. ಹೇಳಿದರೆ ಶನಿವಾರ ನಮಗೆ ಮೇಜು ಸಿಕ್ಕದೆ ಹೋದೀತು. ಗುರುತು ಮಾತ್ರ ಹೇಳಬಲ್ಲೆ. ಗೇಟಿನ ಎಡಗಡೆ ಕಾಮಕಸ್ತೂರಿಯ ಒಂದು ಪೊದೆ ಇದೆ. ದೊಡ್ಡಮ್ಮನ ಹಿತ್ತಲಿನದು. ಅಡಿಗೆಯ ಹುಡುಗರು ಬೆಳಗ್ಗೆ ಬಂದು ಎಲೆ ಕೊಯ್ಯುತ್ತಾರೆ. ದೊಡ್ಡಮ್ಮ ಬಂದಾಗ ಒಂದು ಕುಡಿ ಚಿವುಟಿ ಮುಡಿಯುತ್ತಾರೆ.